ಹಳೆಯ ಮೋಟಾರ್ ಯಾಟ್‌ನಲ್ಲಿ ದೋಷ ಹುಡುಕುವ ಬಗೆ: ಅವಳಿ ಲೆಹ್ಮನ್ ಎಂಜಿನ್ನಿನ ಗ್ರ್ಯಾಂಡ್ ಬ್ಯಾಂಕ್ಸ್ 42 ಕುರಿತ ಅಧ್ಯಯನ ಟಿಪ್ಪಣಿ

ನಮ್ಮ ಕರಾವಳಿಯಲ್ಲಿ ಟ್ರಾಲರ್ ಎಂದರೆ ಬಲೆ ಎಳೆದು ಮೀನು ಹಿಡಿಯುವ ಬೋಟು. ವಿಹಾರ ನೌಕೆಗಳ ಲೋಕದಲ್ಲಿ ಆ ಹೆಸರು ಅದೇ ಮೈಕಟ್ಟಿನ, ಏಳೆಂಟು ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ) ವೇಗದಲ್ಲಿ ನಿಧಾನವಾಗಿ ದೂರ ಸಾಗುವ ಡೀಸೆಲ್ ಯಾಟ್‌ಗೆ ಸಲ್ಲುತ್ತದೆ. ಈ ಬಗೆಯಲ್ಲಿ ಹೆಸರಾದದ್ದು ಹಾಂಗ್‌ಕಾಂಗ್‌ನ ಅಮೆರಿಕನ್ ಮರೀನ್ ಸಂಸ್ಥೆ 1960ರ ದಶಕದಲ್ಲಿ ಆರಂಭಿಸಿ ಮುಂದೆ ಸಿಂಗಪುರದಲ್ಲಿ ಕಟ್ಟಿದ ಗ್ರ್ಯಾಂಡ್ ಬ್ಯಾಂಕ್ಸ್ ಸಾಲು. ಮೊದಮೊದಲು ಇವುಗಳ ಒಡಲು ಮರದ್ದು. 1973ರ ಸುಮಾರಿಗೆ ಫೈಬರ್‌ಗ್ಲಾಸ್ ಬಂದಿತು. 42 ಅಡಿಯ ಮಾದರಿಯಲ್ಲಿ ಸಾಮಾನ್ಯವಾಗಿ ಕಾಣಸಿಗುವುದು ಎರಡು ಫೋರ್ಡ್ ಲೆಹ್ಮನ್ 120 ಎಂಜಿನ್‌ಗಳು: ಬ್ರಿಟಿಷ್ ಫೋರ್ಡ್‌ನ ಆರು ಸಿಲಿಂಡರಿನ, ಸುಮಾರು 6.2 ಲೀಟರ್ ಗಾತ್ರದ ಡೀಸೆಲ್ ಎಂಜಿನ್ನನ್ನು ಅಮೆರಿಕದ ನ್ಯೂಜೆರ್ಸಿಯ ಲೆಹ್ಮನ್ ಕಂಪನಿ ಸಮುದ್ರ ಬಳಕೆಗೆ ಒಗ್ಗಿಸಿದ್ದು, ಟರ್ಬೊ ಇಲ್ಲ, ಎಲೆಕ್ಟ್ರಾನಿಕ್ಸ್ ಇಲ್ಲ, 120 ಅಶ್ವಶಕ್ತಿ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಎಂಜಿನ್ ಸಿಗುವುದು ಕಷ್ಟ, ಏಕೆಂದರೆ ಇದರಲ್ಲಿ ನಡೆಯುವುದೆಲ್ಲವೂ ಕಣ್ಣಿಗೆ, ಕೈಗೆ, ಕಿವಿಗೆ ಸಿಗುತ್ತದೆ.

ಅರ್ಧ ಶತಮಾನ ಕಂಡ ಯಾಟ್‌ನಲ್ಲಿ ಮೂಲ ನಕ್ಷೆಯನ್ನು ನಂಬಿಕೊಂಡು ಕೆಲಸ ಮಾಡಲಾಗದು. ನಾಲ್ಕೈದು ಮಾಲೀಕರು ತಮಗೆ ತೋಚಿದಂತೆ ತಂತಿ ಎಳೆದಿರುತ್ತಾರೆ, ಪಂಪು ಬದಲಿಸಿರುತ್ತಾರೆ, ಬೇಡವಾದ ಹೋಸನ್ನು ಕತ್ತರಿಸದೆ ಹಾಗೆಯೇ ಬಿಟ್ಟಿರುತ್ತಾರೆ. ಆದ್ದರಿಂದ ದೋಷ ಹುಡುಕುವಾಗ ಭಾಗವನ್ನು ಊಹಿಸುವ ಬದಲು ಹರಿವನ್ನು ಹಿಂಬಾಲಿಸಬೇಕು. ನೀರು, ಎಣ್ಣೆ, ವಿದ್ಯುತ್ತು ಎಲ್ಲಿಂದ ಹೊರಟು ಎಲ್ಲಿಗೆ ತಲುಪಬೇಕು ಎಂಬುದನ್ನು ಕಾಗದದ ಮೇಲೆ ಬರೆದುಕೊಂಡು, ದಾರಿಯ ನಡುವಿನಲ್ಲೊಂದು ಕಡೆ ಅಳೆದರೆ, ದೋಷ ಆ ಬದಿಯಲ್ಲಿದೆಯೋ ಈ ಬದಿಯಲ್ಲಿದೆಯೋ ಎಂಬುದು ಒಂದೇ ಅಳತೆಯಲ್ಲಿ ತಿಳಿಯುತ್ತದೆ. ಅವಳಿ ಎಂಜಿನ್ನಿನ ಯಾಟ್‌ನಲ್ಲಿ ಇನ್ನೊಂದು ಅನುಕೂಲವಿದೆ: ಪಕ್ಕದಲ್ಲೇ ಅದೇ ವಯಸ್ಸಿನ, ಅದೇ ಮಾದರಿಯ ಇನ್ನೊಂದು ಎಂಜಿನ್ ನಿಂತಿರುತ್ತದೆ. ಎಡ ಎಂಜಿನ್ನಿನ ಅಳತೆ ಸರಿಯೋ ತಪ್ಪೋ ಎಂಬುದಕ್ಕೆ ಕೈಪಿಡಿಗಿಂತ ಮೊದಲು ಬಲ ಎಂಜಿನ್ನನ್ನು ಕೇಳಬೇಕು.

ತಂಪಾಗಿಸುವ ವ್ಯವಸ್ಥೆ

ಇಲ್ಲಿ ಎರಡು ನೀರಿನ ಸುತ್ತುಗಳಿವೆ, ಅವು ಎಂದೂ ಬೆರೆಯಬಾರದು. ಒಳಸುತ್ತಿನಲ್ಲಿ ಕೂಲೆಂಟ್ ಎಂಜಿನ್ನಿನೊಳಗೇ ತಿರುಗುತ್ತದೆ. ಹೊರಸುತ್ತಿನಲ್ಲಿ ಸಮುದ್ರದ ನೀರು ಒಡಲಿನ ಕೆಳಗಿನ, ನೀರು ಒಳಬಿಡುವ ಕವಾಟವಾದ ಸೀಕಾಕ್‌ನಿಂದ ಹೊರಟು, ಜಾಲರಿ, ರಬ್ಬರ್ ಇಂಪೆಲ್ಲರಿನ (ನೀರು ತಳ್ಳುವ ರೆಕ್ಕೆಚಕ್ರದ) ಪಂಪು, ಆಯಿಲ್ ಕೂಲರ್‌ಗಳು ಮತ್ತು ಕೂಲೆಂಟಿನ ಬಿಸಿಯನ್ನು ಈ ನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್ ದಾಟಿ, ಕೊನೆಗೆ ಎಕ್ಸಾಸ್ಟ್ ಬಾಗುಕೊಳವೆಯಲ್ಲಿ ಹೊಗೆಯೊಂದಿಗೆ ಕೂಡಿ ಹೊರಬೀಳುತ್ತದೆ. ಎಂಜಿನ್ ಬಿಸಿಯಾಗುತ್ತಿದೆ ಎಂಬ ದೂರು ಬಂದಾಗ ಬಹುಪಾಲು ತಪ್ಪು ಹೊರಸುತ್ತಿನಲ್ಲಿರುತ್ತದೆ.

ಮೊದಲು ಕೇಳಬೇಕಾದದ್ದು, ಬಿಸಿ ಯಾವಾಗ ಏರುತ್ತದೆ ಎಂಬುದು. ಹೊರಟ ಕೆಲವೇ ನಿಮಿಷಗಳಲ್ಲಿ ಏರಿದರೆ ನೀರು ಹರಿಯುತ್ತಲೇ ಇಲ್ಲ ಎಂದರ್ಥ. ಆಗ ಹಿಂಭಾಗದಲ್ಲಿ ಎಕ್ಸಾಸ್ಟ್‌ನ ಸದ್ದೂ ಬದಲಾಗಿ, ನೀರಿನ ಗುಳುಗುಳು ಹೋಗಿ ಒಣ, ಟೊಳ್ಳು ಸದ್ದು ಕೇಳುತ್ತದೆ. ನಿಧಾನ ವೇಗದಲ್ಲಿ ಸರಿಯಿದ್ದು ವೇಗ ಹೆಚ್ಚಿಸಿದಾಗ ಮಾತ್ರ ಏರಿದರೆ ನೀರು ಹರಿಯುತ್ತಿದೆ, ಆದರೆ ಸಾಲುತ್ತಿಲ್ಲ: ಅರ್ಧ ಸವೆದ ಇಂಪೆಲ್ಲರ್, ಕೊಳವೆಗಳಲ್ಲಿ ಸುಣ್ಣ ಕಟ್ಟಿದ ಎಕ್ಸ್‌ಚೇಂಜರ್, ಉಪ್ಪು ಮತ್ತು ತುಕ್ಕು ಕಟ್ಟಿ ಕಿರಿದಾದ ಎಕ್ಸಾಸ್ಟ್ ಬಾಗುಕೊಳವೆ ಇವುಗಳಲ್ಲೊಂದು ಕಾರಣವಾಗಿರಬಹುದು. ಒಡಲಿನಡಿ ಪಾಚಿ, ಬಾರ್ನಕಲ್ (ಅಂಟಿಕೊಳ್ಳುವ ಚಿಪ್ಪುಜೀವಿ) ಬೆಳೆದು ಎಂಜಿನ್ನಿನ ಮೇಲೆ ಹೊರೆ ಹೆಚ್ಚಿದಾಗಲೂ ಇದೇ ಲಕ್ಷಣ ಕಾಣುತ್ತದೆ, ಆದರೆ ಆಗ ಎರಡೂ ಎಂಜಿನ್‌ಗಳು ಜೊತೆಯಾಗಿ ಬಿಸಿಯಾಗುತ್ತವೆ ಮತ್ತು ಹೊಗೆ ಕಪ್ಪಾಗುತ್ತದೆ. ಒಂದೇ ಎಂಜಿನ್ ಬಿಸಿಯಾದರೆ ಒಡಲಿನ ಮೇಲೆ ಅನುಮಾನ ಪಡುವ ಮೊದಲು ಆ ಬದಿಯ ಪ್ರೊಪೆಲ್ಲರನ್ನು ನೋಡಿದರೆ ಸಾಕು.

ಇನ್‌ಫ್ರಾರೆಡ್ ಥರ್ಮಾಮೀಟರ್ ಈ ಕೆಲಸಕ್ಕೆ ತುಂಬ ಒದಗುತ್ತದೆ. ಥರ್ಮೋಸ್ಟಾಟ್ ಇರುವ ಕವಚಕ್ಕೆ ಅದನ್ನು ಹಿಡಿದು ನೋಡಿದಾಗ 80ರಿಂದ 85 ಡಿಗ್ರಿ ಸೆಲ್ಸಿಯಸ್ ಬಂದು, ಮೇಲೆ ಚಾಲಕನ ಮುಂದಿರುವ ಮೀಟರ್ ಮಾತ್ರ 100 ತೋರಿಸುತ್ತಿದ್ದರೆ ಬಿಸಿಯಾಗಿರುವುದು ಎಂಜಿನ್ ಅಲ್ಲ, ಕೆಟ್ಟಿರುವುದು ಮೀಟರಿನ ಮಾತು. ಹೊಳೆಯುವ ಲೋಹದ ಮೇಲೆ ಈ ಉಪಕರಣ ತಪ್ಪು ಅಂಕಿ ಕೊಡುವುದರಿಂದ ಅಳೆಯುವ ಜಾಗಗಳಲ್ಲಿ ಒಂದೊಂದು ಚುಕ್ಕೆ ಕಪ್ಪು ಬಣ್ಣ ಹಚ್ಚಿಟ್ಟುಕೊಳ್ಳುವುದು ಒಳ್ಳೆಯದು. ಇಷ್ಟು ಸಣ್ಣ ವಿಷಯ ಅನೇಕರಿಗೆ ಹೊಳೆಯದೆ, ಸುಸ್ಥಿತಿಯ ಪಂಪು ಬಿಚ್ಚಿಸಿಕೊಳ್ಳುತ್ತದೆ.

ಇಂಪೆಲ್ಲರ್ ಹರಿದಿದ್ದರೆ ಹೊಸದನ್ನು ಹಾಕಿದಲ್ಲಿಗೆ ಕೆಲಸ ಮುಗಿಯುವುದಿಲ್ಲ. ಹಳೆಯದರ ರೆಕ್ಕೆಗಳನ್ನು ಎಣಿಸಬೇಕು. ಎರಡು ರೆಕ್ಕೆ ಕಾಣೆಯಾಗಿದ್ದರೆ ಆ ಎರಡು ರಬ್ಬರ್ ತುಂಡುಗಳು ಮುಂದಿನ ಕೂಲರಿನ ಬಾಯಲ್ಲೋ ಎಕ್ಸ್‌ಚೇಂಜರಿನ ಕೊಳವೆಗಳ ಮುಂದೋ ಸಿಕ್ಕಿಕೊಂಡಿರುತ್ತವೆ, ಮತ್ತು ಅವು ಸಿಗುವವರೆಗೆ ಬಿಸಿಯ ಸಮಸ್ಯೆ ಹೋಗಿ ಬಂದು ಮಾಡುತ್ತಲೇ ಇರುತ್ತದೆ. ಎಕ್ಸ್‌ಚೇಂಜರಿನಲ್ಲಿ ತಿರುಪಿನಂತೆ ಕೂರುವ ಸತುವಿನ ಪೆನ್ಸಿಲ್ ಅನೋಡನ್ನು (ಬೇರೆ ಲೋಹ ಉಳಿಸಲು ತಾನೇ ಕರಗುವ ಕಡ್ಡಿಯನ್ನು) ಬದಲಿಸುವಾಗಲೂ ಇದೇ ಎಚ್ಚರ ಬೇಕು: ಅರ್ಧ ತಿಂದುಹೋದ ಸತು ಮುರಿದು ಒಳಗೆ ಬಿದ್ದರೆ ಅದೂ ಒಂದು ಅಡಚಣೆಯೇ.

ಲೆಹ್ಮನ್ 120ರಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಭಯಪಡುವುದು ಆಯಿಲ್ ಕೂಲರ್‌ಗಳಿಗೆ. ಎಂಜಿನ್ ಆಯಿಲ್‌ಗೂ ಗೇರ್‌ಬಾಕ್ಸ್‌ನ ಎಣ್ಣೆಗೂ ಬೇರೆಬೇರೆ ಕೂಲರ್ ಇದ್ದು, ಎರಡರಲ್ಲೂ ಸಮುದ್ರದ ನೀರು ಹರಿಯುತ್ತದೆ. ಓಡುವಾಗ ಎಣ್ಣೆಯ ಒತ್ತಡ ನೀರಿನದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಒಳಗಿನ ಕೊಳವೆಯಲ್ಲಿ ರಂಧ್ರ ಬಿದ್ದರೆ ಎಂಜಿನ್ ಆಯಿಲ್ ಎಕ್ಸಾಸ್ಟ್‌ನ ಮೂಲಕ ಸಮುದ್ರ ಸೇರುತ್ತದೆ. ಬಿಲ್ಜ್‌ನಲ್ಲಿ (ಸೋರಿದ ನೀರು ಸೇರುವ ಒಡಲಿನ ತಳದಲ್ಲಿ) ಒಂದು ತೊಟ್ಟೂ ಕಾಣುವುದಿಲ್ಲ, ಹಿಂದೆ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪದರ ಮಾತ್ರ ಕಾಣುತ್ತದೆ. ಗೇರ್‌ಬಾಕ್ಸ್‌ನ ಕೆಂಪು ಎಣ್ಣೆ ಗುಲಾಬಿ ಬಣ್ಣದ ಹಾಲಿನಂತಾಗಿದ್ದರೆ ಎಂಜಿನ್ ನಿಂತು ಎಣ್ಣೆಯ ಒತ್ತಡ ಇಳಿದಾಗ ಅದರೊಳಗೆ ಉಪ್ಪುನೀರು ಸೇರಿದೆ. ಇದನ್ನು ಒಡೆಯುವವರೆಗೆ ಕಾಯುವ ಭಾಗವೆಂದು ನೋಡದೆ, ಅವಧಿಗೊಮ್ಮೆ ಬದಲಿಸುವ ಭಾಗವೆಂದು ಲೆಕ್ಕಹಾಕಿದವರೇ ಜಾಣರು, ಏಕೆಂದರೆ ಕೂಲರಿನ ಬೆಲೆ ಎಂಜಿನ್ನಿನ ಬೆಲೆಯ ಮುಂದೆ ಏನೂ ಅಲ್ಲ.

ಇಂಧನ

ಡೀಸೆಲ್ ಎಂಜಿನ್‌ಗೆ ಶುದ್ಧ ಗಾಳಿ, ಶುದ್ಧ ಎಣ್ಣೆ (ಇಲ್ಲಿ ಎಣ್ಣೆ ಎಂದರೆ ಡೀಸೆಲ್) ಇವೆರಡು ಸಿಕ್ಕರೆ ನಿಲ್ಲುವುದು ಅಪರೂಪ. ಈ ಯಾಟ್‌ಗಳ ಟ್ಯಾಂಕುಗಳು ಹೆಚ್ಚಾಗಿ ಕಬ್ಬಿಣದವು, ಮತ್ತು ಅವು ತುಕ್ಕು ಹಿಡಿಯುವುದು ಎಷ್ಟೋ ಬಾರಿ ಒಳಗಿನಿಂದಲ್ಲ, ಮೇಲಿನಿಂದ: ತೇಗದ ಡೆಕ್ಕಿನ ಸಾವಿರಾರು ತಿರುಪುಗಳ ಸಂದಿಯಿಂದ, ಎಣ್ಣೆ ತುಂಬುವ ಬಾಯಿಯ ಸುತ್ತಿನಿಂದ ಇಳಿದ ಮಳೆನೀರು ಟ್ಯಾಂಕಿನ ಮೇಲೆ ನಿಂತು ತಿನ್ನುತ್ತದೆ. ಹೀಗಾಗಿ ಡೆಕ್ಕಿನ ಸೋರಿಕೆಯನ್ನು ಇಂಧನ ವ್ಯವಸ್ಥೆಯ ಭಾಗವೆಂದೇ ಎಣಿಸಬೇಕು. ಒಳಗೆ ನೀರು ಸೇರಿದರೆ ಅದು ತಳಕ್ಕಿಳಿಯುತ್ತದೆ. ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗುತ್ತವೆ. ಶಾಂತ ನೀರಿನಲ್ಲಿ ತಿಂಗಳುಗಟ್ಟಲೆ ಚೆನ್ನಾಗಿದ್ದ ಎಂಜಿನ್ ಮೊದಲ ದೊಡ್ಡ ಅಲೆಗೆ ನಿಂತುಹೋಗುವುದು ತಳದ ಆ ಕೊಳೆ ಕದಡಿ ಫಿಲ್ಟರ್ ಮುಚ್ಚುವುದರಿಂದಲೇ.

ಫಿಲ್ಟರಿನ ಮೇಲೊಂದು ವ್ಯಾಕ್ಯೂಮ್ ಗೇಜ್ (ಎಳೆತದ ಬಲ ತೋರಿಸುವ ಮೀಟರ್) ಕೂರಿಸಿದರೆ ಅರ್ಧ ರೋಗನಿರ್ಣಯ ಮುಗಿದಂತೆ. ಎಂಜಿನ್‌ಗೆ ಎಣ್ಣೆ ಸಾಲದೆ ಏದುಸಿರು ಬಿಡುತ್ತಿರುವಾಗ ಗೇಜ್ ಹೆಚ್ಚಿನ ವ್ಯಾಕ್ಯೂಮ್ ತೋರಿಸಿದರೆ, ಟ್ಯಾಂಕಿನಿಂದ ಎಣ್ಣೆ ತರುವ ಲಿಫ್ಟ್ ಪಂಪು ಎಳೆಯುತ್ತಿದೆ, ಎಣ್ಣೆ ಬರುತ್ತಿಲ್ಲ; ಅಡಚಣೆ ಫಿಲ್ಟರಿನಲ್ಲೋ ಟ್ಯಾಂಕಿನ ಕಡೆಗೋ ಇದೆ. ಅದೇ ಲಕ್ಷಣವಿದ್ದೂ ಗೇಜ್ ಸೊನ್ನೆಯ ಬಳಿ ನಿಂತಿದ್ದರೆ, ಪಂಪು ಎಳೆಯುತ್ತಿಲ್ಲ ಅಥವಾ ಎಣ್ಣೆಯ ಬದಲು ಗಾಳಿಯನ್ನು ಎಳೆಯುತ್ತಿದೆ. ಎಳೆಯುವ ಬದಿಯ ಸಂದಿಯಿಂದ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಎಣ್ಣೆ ಹೊರಗೆ ಬರುವುದು ಅಪರೂಪ, ಹಾಗಾಗಿ ಒದ್ದೆ ಇಲ್ಲದ ಕಡೆಯೂ ಸೋರಿಕೆ ಇರಬಹುದು ಎಂಬುದನ್ನು ನೆನಪಿಡಬೇಕು. ಪಾರದರ್ಶಕ ಹೋಸಿನ ತುಂಡೊಂದನ್ನು ತಾತ್ಕಾಲಿಕವಾಗಿ ನಡುವೆ ಜೋಡಿಸಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ.

ಫಿಲ್ಟರ್ ಬದಲಿಸಿದ ಮೇಲೆ ಕೊಳವೆಗಳೊಳಗಿನ ಗಾಳಿ ತೆಗೆಯುವಾಗ ಲಿಫ್ಟ್ ಪಂಪಿನ ಕೈಸನ್ನೆ (ಕೈಯಿಂದ ಆಡಿಸುವ ಲಿವರ್) ಸಡಿಲವಾಗಿ ಆಡಿ ಏನನ್ನೂ ಎತ್ತದಿದ್ದರೆ ಪಂಪು ಕೆಟ್ಟಿದೆ ಎಂದು ತೀರ್ಮಾನಿಸಬಾರದು. ಎಂಜಿನ್ನಿನೊಳಗೆ ತಿರುಗುವ ಕ್ಯಾಮ್‌ನ ಉಬ್ಬು ಪಂಪಿನ ಡಯಾಫ್ರಾಮನ್ನು (ಎಣ್ಣೆ ಎಳೆಯುವ ಪೊರೆಯನ್ನು) ಮೊದಲೇ ಒತ್ತಿ ಹಿಡಿದಿರಬಹುದು. ಎಂಜಿನ್ನನ್ನು ಸ್ಟಾರ್ಟರಿನಿಂದ ಸ್ವಲ್ಪ ತಿರುಗಿಸಿದರೆ ಸನ್ನೆಗೆ ಬಿಗಿ ಬರುತ್ತದೆ. ಇಲ್ಲಿಯೇ ಒಂದು ಅಪಾಯವೂ ಅಡಗಿದೆ. ನೀರು ನಿಲ್ಲುವ ಬಗೆಯ ಸೈಲೆನ್ಸರ್ ಇರುವ ಯಾಟ್‌ಗಳಲ್ಲಿ ಸೀಕಾಕ್ ತೆರೆದಿಟ್ಟು ಸ್ಟಾರ್ಟರನ್ನು ಮತ್ತೆ ಮತ್ತೆ ಒತ್ತಿದರೆ, ಪಂಪು ನೀರು ತಳ್ಳುತ್ತಲೇ ಇರುತ್ತದೆ, ಅದನ್ನು ಹೊರಗೆಸೆಯಲು ಹೊಗೆಯ ಒತ್ತಡ ಇರುವುದಿಲ್ಲ, ಸೈಲೆನ್ಸರ್ ತುಂಬಿ ನೀರು ಸಿಲಿಂಡರಿಗೆ ಹಿಮ್ಮುಖವಾಗಿ ಹರಿಯುತ್ತದೆ. ಎಂಜಿನ್ ಚಾಲೂ ಆಗುವವರೆಗೆ ಸೀಕಾಕ್ ಮುಚ್ಚಿ, ಚಾಲೂ ಆದ ಕೂಡಲೇ ತೆರೆಯಬೇಕು.

ಈ ಎಂಜಿನ್ನಿನ ಸಿಲಿಂಡರುಗಳಿಗೆ ಡೀಸೆಲ್ ಒದಗಿಸುವ ಸಿಮ್ಸ್ ಇಂಜೆಕ್ಷನ್ ಪಂಪಿಗೆ ತನ್ನದೇ ಆದ ಆಯಿಲ್ ತೊಟ್ಟಿಯಿದೆ ಎಂಬುದು ಹೊಸಬರಿಗೆ ತಿಳಿದಿರುವುದಿಲ್ಲ. ಡೀಸೆಲ್ ಒಳಗೆ ಜಿನುಗಿ ಆ ಆಯಿಲನ್ನು ತೆಳುವಾಗಿಸುವುದರಿಂದ ಸುಮಾರು 50 ಗಂಟೆಗೊಮ್ಮೆ ಬದಲಿಸಬೇಕೆಂಬುದು ನಿಯಮ.

ವಿದ್ಯುತ್ತು

ಹನ್ನೆರಡು ವೋಲ್ಟಿನ ವ್ಯವಸ್ಥೆಯಲ್ಲಿ ಎಲ್ಲರೂ ಎಡವುವ ಜಾಗ ಒಂದೇ: ಹೊರೆ ಇಲ್ಲದೆ ವೋಲ್ಟೇಜ್ ಅಳೆಯುವುದು. ಬಿಲ್ಜ್ ಪಂಪು ಸರಿಯಾಗಿ ತಿರುಗುತ್ತಿಲ್ಲವೆಂದು ಅದರ ತಂತಿ ಬಿಚ್ಚಿ ಮಲ್ಟಿಮೀಟರ್ ಇಟ್ಟರೆ 12.6 ತೋರಿಸುತ್ತದೆ, ತಂತಿ ಸರಿಯಿದೆ, ಪಂಪು ಕೆಟ್ಟಿದೆ ಎಂದುಕೊಂಡು ಹೊಸ ಪಂಪು ತರುತ್ತಾರೆ, ಅದೂ ಸರಿಯಾಗಿ ತಿರುಗುವುದಿಲ್ಲ. ಮೀಟರ್ ಎಳೆಯುವ ವಿದ್ಯುತ್ತು ಮೈಕ್ರೊ ಆಂಪಿಯರ್‌ಗಳ ಮಟ್ಟದ್ದು. ಹಸಿರು ಕಿಲುಬು ಹಿಡಿದ ಕೂಡಿಕೆಯೂ ಅಷ್ಟನ್ನು ಸಲೀಸಾಗಿ ದಾಟಿಸುತ್ತದೆ. ಐದು ಆಂಪಿಯರ್ ಎಳೆಯುವ ಪಂಪನ್ನು ಜೋಡಿಸಿ ಅಳೆದಾಗ, ಕೂಡಿಕೆಯಲ್ಲಿ 0.4 ಓಮ್ ತಡೆ ಇದ್ದರೆ 2 ವೋಲ್ಟ್ ಅಲ್ಲಿಯೇ ಕಳೆದುಹೋಗಿ ಪಂಪಿಗೆ 10.6 ಮಾತ್ರ ತಲುಪುತ್ತದೆ, ಜೊತೆಗೆ ಆ ಒಂದೇ ಬಿಂದುವಿನಲ್ಲಿ 10 ವ್ಯಾಟ್ ಶಾಖ ಹುಟ್ಟುತ್ತದೆ. ಬೆಂಕಿ ಹೊತ್ತಿಕೊಳ್ಳುವುದೂ ಇಂಥ ಕಡೆಯಿಂದಲೇ. ಆದ್ದರಿಂದ ಪಂಪು ಓಡುತ್ತಿರುವಾಗ ಬ್ಯಾಟರಿಯ ಧನಾಗ್ರದಿಂದ ಪಂಪಿನ ಧನಾಗ್ರಕ್ಕೆ ಒಮ್ಮೆ, ಋಣಾಗ್ರದಿಂದ ಋಣಾಗ್ರಕ್ಕೆ ಒಮ್ಮೆ ಮೀಟರ್ ಇಟ್ಟು ನೇರವಾಗಿ ನಷ್ಟವನ್ನೇ ಅಳೆಯಬೇಕು. ಅಮೆರಿಕದ ಯಾಟ್ ಮಾನದಂಡಗಳು ಮುಖ್ಯ ಉಪಕರಣಗಳಿಗೆ ಶೇ. 3ರಷ್ಟು ನಷ್ಟವನ್ನು ಮಾತ್ರ ಒಪ್ಪುತ್ತವೆ, ಅಂದರೆ ಮೂರನೇ ಒಂದು ವೋಲ್ಟಿಗಿಂತ ತುಸು ಹೆಚ್ಚು. ಹಳೆಯ ಯಾಟ್‌ಗಳಲ್ಲಿ ತವರದ ಲೇಪವಿಲ್ಲದ ತಾಮ್ರದ ತಂತಿ ಹೆಚ್ಚಾಗಿರುವುದರಿಂದ, ತುದಿ ಕತ್ತರಿಸಿ ಹೊಸ ಲಗ್ (ತಂತಿಯ ತುದಿಗೆ ಕೂರಿಸುವ ಲೋಹದ ಕೊಂಡಿ) ಹಾಕುವಾಗ ಕಪ್ಪಾದ ಎಳೆಗಳು ಎಷ್ಟು ಒಳಕ್ಕೆ ಹೋಗಿವೆ ಎಂದು ನೋಡಿ, ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಬೇಕು.

ಮೇಲಿನ ಬ್ರಿಜ್ಜಿನಲ್ಲೊಂದು (ಅಲ್ಲಿಂದಲೂ ಯಾಟ್ ನಡೆಸಬಹುದು), ಕೆಳಗಿನ ಕೋಣೆಯಲ್ಲೊಂದು ಎಂದು ಎರಡು ಕಡೆ ಮೀಟರುಗಳಿರುವುದು ಈ ಯಾಟ್‌ಗಳ ವೈಶಿಷ್ಟ್ಯ. ಎರಡು ಮೀಟರುಗಳು ಒಂದೇ ಸೆಂಡರಿನಿಂದ (ಎಂಜಿನ್ನಿನಲ್ಲಿ ಕೂತು ಅಳತೆ ಕಳಿಸುವ ಭಾಗ) ಓಡುವಾಗ ಆ ಸೆಂಡರಿನ ತಡೆ ಸಾಮಾನ್ಯ ಸೆಂಡರಿನ ಅರ್ಧದಷ್ಟಿರಬೇಕು. ಹಿಂದಿನ ಮಾಲೀಕರು ಅಂಗಡಿಯಲ್ಲಿ ಸಿಕ್ಕ ಒಂಟಿ ಮೀಟರಿನ ಸೆಂಡರನ್ನು ಹಾಕಿ ಹೋಗಿದ್ದರೆ ಎರಡೂ ಮೀಟರುಗಳು ಒಂದೇ ಸುಳ್ಳನ್ನು ಹೇಳುತ್ತವೆ, ಮತ್ತು ಎರಡು ಸಾಕ್ಷಿಗಳು ಒಂದೇ ಮಾತು ಹೇಳಿದಾಗ ನಾವು ನಂಬಿಬಿಡುತ್ತೇವೆ. ದೀಪ ಹಾಕಿದ ಕೂಡಲೇ ಎಲ್ಲ ಮುಳ್ಳುಗಳೂ ಒಟ್ಟಿಗೆ ಜಿಗಿದರೆ ಮಾತ್ರ ಸೆಂಡರನ್ನು ಬಿಟ್ಟು ಪ್ಯಾನೆಲಿನ ಋಣ ತಂತಿಯನ್ನು ನೋಡಬೇಕು.

ಲೋಹ ಮತ್ತು ನೀರು

ಉಪ್ಪುನೀರಿನಲ್ಲಿ ಸತು, ಸಿಹಿನೀರಿನಲ್ಲಿ ಮೆಗ್ನೀಸಿಯಮ್, ಎರಡೂ ಬೆರೆತ ಅಳಿವೆಗಳಲ್ಲಿ ಅಲ್ಯೂಮಿನಿಯಮ್ ಅನೋಡ್ ಎಂಬುದು ಸಾಮಾನ್ಯ ಪಾಠ. ಸತು ಎಂದಿಗಿಂತ ಬೇಗ ಕರಗತೊಡಗಿದರೆ ದಡದ ವಿದ್ಯುತ್ ಕೇಬಲ್ ತೆಗೆದು ಕೆಲವು ವಾರ ನೋಡಬೇಕು. ಆ ಕೇಬಲಿನ ಅರ್ತ್ ತಂತಿ ನಮ್ಮ ಯಾಟನ್ನು ಪಕ್ಕದ ಯಾಟ್‌ಗಳಿಗೆ ಜೋಡಿಸುವುದರಿಂದ ನಮ್ಮ ಸತು ಊರಿನ ಲೋಹವನ್ನೆಲ್ಲ ಕಾಯುತ್ತಿರಬಹುದು. ಅದಕ್ಕೆ ಆ ತಂತಿಯಲ್ಲಿ ಕೂತು ಇಂಥ ಸಣ್ಣ ವಿದ್ಯುತ್ತನ್ನು ಮಾತ್ರ ತಡೆಯುವ ಗ್ಯಾಲ್ವನಿಕ್ ಐಸೊಲೇಟರ್ ಉತ್ತರ. ಅರ್ತ್ ತಂತಿ ಕತ್ತರಿಸುವುದು ಉತ್ತರವಲ್ಲ, ಅದು ಪ್ರಾಣಕ್ಕೇ ಕುತ್ತು. ಮರದ ಒಡಲಿನ ಹಳೆಯ ಗ್ರ್ಯಾಂಡ್ ಬ್ಯಾಂಕ್ಸ್ ಇದ್ದವರು ಸತುವನ್ನು ಹೆಚ್ಚು ಹಾಕುವುದೂ ತಪ್ಪೆಂದು ತಿಳಿದಿರಬೇಕು: ಅತಿ ರಕ್ಷಣೆಯಿಂದ ಲೋಹದ ಸುತ್ತ ಕ್ಷಾರ ಹುಟ್ಟಿ, ಕಂಚು ಉಳಿದು ಮರ ಮೆತ್ತಗಾಗುತ್ತದೆ.

ಪ್ರೊಪೆಲ್ಲರ್ ದಂಡ ಒಡಲನ್ನು ದಾಟುವಲ್ಲಿ ಹುರಿ ತುಂಬಿದ ಸ್ಟಫಿಂಗ್ ಬಾಕ್ಸ್ ಇದ್ದರೆ, ಓಡುವಾಗ ನಿಮಿಷಕ್ಕೆ ಕೆಲವು ತೊಟ್ಟು ನೀರು ಬೀಳಲೇಬೇಕು. ಆ ತೊಟ್ಟುಗಳೇ ದಂಡವನ್ನು ತಂಪಾಗಿಡುತ್ತವೆ. ಪೂರ್ತಿ ಒಣಗುವಂತೆ ನಟ್ಟು ಬಿಗಿದರೆ ಹುರಿ ಸುಟ್ಟು ದಂಡದಲ್ಲಿ ಗೀರು ಬೀಳುತ್ತದೆ, ಮುಂದೆ ಎಷ್ಟು ಬಿಗಿದರೂ ಸೋರುತ್ತದೆ. ಸೀಕಾಕ್‌ಗಳನ್ನು ತಿಂಗಳಿಗೊಮ್ಮೆಯಾದರೂ ತಿರುಗಿಸಿ, ಪ್ರತಿಯೊಂದಕ್ಕೂ ಅದರ ಅಳತೆಯ ಮರದ ಬೂಚನ್ನು ದಾರದಿಂದ ಕಟ್ಟಿಡಬೇಕು. ಬಿಲ್ಜ್ ಪಂಪಿಗೆ ಎಷ್ಟು ಬಾರಿ ಓಡಿತೆಂದು ಎಣಿಸುವ ಪುಟ್ಟ ಕೌಂಟರ್ ಜೋಡಿಸಿ ಅಂಕಿಯನ್ನು ದಿನವೂ ಲಾಗ್ ಪುಸ್ತಕದಲ್ಲಿ ಬರೆದಿಟ್ಟರೆ, ದಿನಕ್ಕೆ ಎರಡಿದ್ದದ್ದು ಆರಾದ ದಿನವೇ ಟಾರ್ಚ್ ಹಿಡಿದು ಕೆಳಗಿಳಿಯಬಹುದು, ನೆಲದ ಹಲಗೆ ಒದ್ದೆಯಾಗುವವರೆಗೆ ಕಾಯಬೇಕಿಲ್ಲ.