ಕಂಪ್ರೆಸರ್: ಹಿಡಿದದ್ದನ್ನು ಯಾವಾಗ ಬಿಡಬೇಕು?

ಮಿತಿ ಮೀರಿ ಜೋರಾದ ಧ್ವನಿಯನ್ನು ತಗ್ಗಿಸುವುದೇ ಕಂಪ್ರೆಸರ್‌ನ ಕೆಲಸ. ಧ್ವನಿಮುದ್ರಣ ಮಾಡುವಾಗಲೇ ಹಾಕಿದ ಕಂಪ್ರೆಷನ್ ಟ್ರ್ಯಾಕ್‌ಗೆ ಅಂಟಿಬಿಡುತ್ತದೆ. ಮಿಕ್ಸಿಂಗ್ ಹೊತ್ತಿಗೆ ಇನ್ನಷ್ಟು ಸೇರಿಸಬಹುದು, ಇದ್ದದ್ದನ್ನು ತೆಗೆಯಲಾಗದು. ಅದಕ್ಕೇ ಗಾಯನಕ್ಕೆ ನಾನು 3:1 ರೇಷಿಯೋ ದಾಟುವುದು ಅಪರೂಪ. ಥ್ರೆಶೋಲ್ಡನ್ನು, ಅಂದರೆ ಕಂಪ್ರೆಸರ್ ತಗ್ಗಿಸಲು ತೊಡಗುವ ಮಟ್ಟವನ್ನು, 6 ಡೆಸಿಬಲ್ ಮೀರಿದ ಸ್ವರ ಆಗ 2 ಡೆಸಿಬಲ್ ಮಾತ್ರ ಮೀರಿ ಹೊರಬರುತ್ತದೆ, ತಗ್ಗಿದ್ದು ನಾಲ್ಕು. ತಾರಸ್ಥಾಯಿಯಲ್ಲಿ ತಗ್ಗಿದ್ದನ್ನು ತೋರಿಸುವ ಮೀಟರ್ ಇಷ್ಟು ಇಳಿದರೆ ಸಾಕು. ಮೆಲುದನಿಯ ಸಾಲಿನಲ್ಲಿ ಅದು ಅಲುಗಲೇಬಾರದು.

ಅಟ್ಯಾಕ್, ಅಂದರೆ ಕಂಪ್ರೆಸರ್ ಸ್ವರವನ್ನು ಹಿಡಿಯಲು ತೆಗೆದುಕೊಳ್ಳುವ ಸಮಯ, 10ರಿಂದ 20 ಮಿಲಿಸೆಕೆಂಡ್ ಇದ್ದರೆ ಕ, ತ, ಪಗಳ ಮೊನೆ ಉಳಿಯುತ್ತದೆ. ತೀರಾ ಚುರುಕಾದರೆ ಪದಗಳು ಬಟ್ಟೆಯ ಹಿಂದಿನಿಂದ ಬಂದಂತೆ ಮಂಕಾಗುತ್ತವೆ. ಗಿಟಾರ್ ತಂತಿಯ ಮೀಟು, ಡ್ರಮ್‌ನ ಪೆಟ್ಟು ಇವುಗಳಿಗೂ ಅದೇ ಗತಿ.

ಹೆಚ್ಚಿನವರು ಎಡವುವುದು ರಿಲೀಸ್‌ನಲ್ಲಿ, ಅಂದರೆ ಹಿಡಿದದ್ದನ್ನು ಬಿಡಲು ತೆಗೆದುಕೊಳ್ಳುವ ಸಮಯದಲ್ಲಿ. ಬೇಸ್ ಗಿಟಾರ್‌ನ ಅತಿ ಕೆಳಗಿನ ತೆರೆದ ತಂತಿ ಸುಮಾರು 41 ಹರ್ಟ್ಸ್‌ನಲ್ಲಿ ಕಂಪಿಸುತ್ತದೆ, ಅಂದರೆ ಒಂದು ಅಲೆಗೆ 24 ಮಿಲಿಸೆಕೆಂಡ್. ಅಟ್ಯಾಕ್, ರಿಲೀಸ್ ಎರಡೂ ಅದಕ್ಕಿಂತ ಚುರುಕಾಗಿದ್ದರೆ ಕಂಪ್ರೆಸರ್ ಒಂದೊಂದು ಅಲೆಯನ್ನೂ ಹಿಡಿದು ಬಿಡತೊಡಗುತ್ತದೆ, ನಾದಕ್ಕೆ ಗೊರಗೊರ ಸೇರುತ್ತದೆ. ಕೇಬಲ್ ಕೆಟ್ಟಿದೆಯೆಂದು ಹುಡುಕುವ ಮೊದಲು ರಿಲೀಸನ್ನು 100 ಮಿಲಿಸೆಕೆಂಡ್ ದಾಟಿಸಿ ಕೇಳಿ. ಗಾಯನದಲ್ಲಾದರೆ ಸಾಲು ಮುಗಿದು ಹಾಡುವವರು ಉಸಿರೆಳೆದುಕೊಳ್ಳುವ ಕ್ಷಣಕ್ಕೆ ಕಿವಿಗೊಡಿ. ಉಸಿರು ಸ್ವರದಷ್ಟೇ ಜೋರಾಗಿ ನುಗ್ಗಿದರೆ ರಿಲೀಸ್ ಅವಸರದ್ದು. ಮುಂದಿನ ಸಾಲಿನ ಮೊದಲ ಪದ ಕುಗ್ಗಿ ಕೇಳಿದರೆ ಅದು ತಡವಾಗಿದೆ. ಅಂದಹಾಗೆ, 1967ರಲ್ಲಿ ಬಂದ, ಇಂದಿಗೂ ಸಾಫ್ಟ್‌ವೇರ್ ರೂಪದಲ್ಲಿ ಬಳಕೆಯಲ್ಲಿರುವ 1176 ಎಂಬ ಕಂಪ್ರೆಸರ್‌ನಲ್ಲಿ ಅಟ್ಯಾಕ್, ರಿಲೀಸ್ ಗುಂಡಿಗಳನ್ನು ಬಲಕ್ಕೆ ತಿರುಗಿಸಿದಷ್ಟೂ ವೇಗ ಹೆಚ್ಚುತ್ತದೆ. ತಿಳಿಯದೆ ತಿರುಗಿಸಿದರೆ ಫಲ ತಿರುವುಮುರುವು.

ತಗ್ಗಿದ ಮಟ್ಟವನ್ನು ಮತ್ತೆ ಏರಿಸುವ ಮೇಕಪ್ ಗೇನ್ ಬಗ್ಗೆಯೂ ಎಚ್ಚರ ಬೇಕು. ಜೋರಾಗಿ ಕೇಳಿದ್ದೆಲ್ಲ ಕಿವಿಗೆ ಚೆಂದವೇ. ಕಂಪ್ರೆಸರ್ ಇದ್ದಾಗಲೂ ಇಲ್ಲದಾಗಲೂ ಮಟ್ಟ ಒಂದೇ ಇರುವಂತೆ ಹೊಂದಿಸಿಯೇ ಹೋಲಿಸಬೇಕು.

ಟೇಪ್‌ನ ಕಾಲದಲ್ಲಿ ಟೇಪ್‌ನದೇ ಹಿನ್ನೆಲೆ ಸದ್ದಿಗಿಂತ ಮೇಲೇಳಲು ಮಟ್ಟ ಏರಿಸಲೇಬೇಕಿತ್ತು. 24 ಬಿಟ್ ಡಿಜಿಟಲ್ ಮುದ್ರಣದಲ್ಲಿ ಆ ಒತ್ತಡವಿಲ್ಲ. ಧ್ವನಿಯ ಶಿಖರಗಳು ಮೈನಸ್ 10 ಡೆಸಿಬಲ್‌ನ ಸುತ್ತ, ಅಂದರೆ ಡಿಜಿಟಲ್‌ನ ಗರಿಷ್ಠ ಮಟ್ಟಕ್ಕಿಂತ ಅಷ್ಟು ಕೆಳಗೆ, ಇದ್ದರೂ ನಷ್ಟವಿಲ್ಲ. ಕಂಪ್ಯೂಟರಿನೊಳಗಿನ ಕಂಪ್ರೆಸರ್ ಕೆಲಸ ಶುರುಮಾಡುವುದು ಧ್ವನಿ ಡಿಜಿಟಲ್ ಆದ ಮೇಲೆ. ಪ್ರವೇಶದಲ್ಲೇ ಒಡೆದ ಸ್ವರವನ್ನು ಅದು ಉಳಿಸಲಾರದು. ಅನುಮಾನವಿದ್ದರೆ ಪ್ರವೇಶದ ಗೇನ್ ಇಳಿಸಿ, ಕಂಪ್ರೆಷನ್ ಹೆಡ್‌ಫೋನ್‌ಗೆ ಮಾತ್ರ ಹೋಗಲಿ, ಟ್ರ್ಯಾಕ್‌ಗೆ ಹಸಿ ಧ್ವನಿಯೇ ಇಳಿಯಲಿ. ಹಾಡುವವರಿಗೆ ತಮ್ಮ ದನಿ ನೆಮ್ಮದಿಯಾಗಿ ಕೇಳುತ್ತದೆ, ನಿಮ್ಮ ಕೈಯಲ್ಲಿ ಎಲ್ಲ ದಾರಿಗಳೂ ಉಳಿಯುತ್ತವೆ.