ಸೈಕಲ್ ದೀಪಕ್ಕೆ ಬಿಸಿಲಿನ ಚಾರ್ಜಿಂಗ್: ಪ್ಯಾನೆಲ್, ಸೆಲ್, ನೆರಳಿನ ಲೆಕ್ಕ

ಹಗಲೆಲ್ಲ ತಗಡಿನ ಶೆಡ್ಡಿನಡಿ ನಿಲ್ಲುವ ಸೈಕಲ್ಲಿಗೆ ಎಷ್ಟು ದೊಡ್ಡ ಸೋಲಾರ್ ಪ್ಯಾನೆಲ್ ಕಟ್ಟಿದರೂ ರಾತ್ರಿ ದೀಪ ಉರಿಯದು. ಮನೆಯಲ್ಲೇ ಮಾಡಿಕೊಂಡ ಬ್ಯಾಟರಿ ದೀಪಕ್ಕೆ ಬಿಸಿಲಿನ ಚಾರ್ಜಿಂಗ್ ಸೇರಿಸಲು ಹೊರಟವರು ಸರ್ಕೀಟಿನ ಬಗ್ಗೆ ಬಹಳ ತಲೆ ಕೆಡಿಸಿಕೊಳ್ಳುತ್ತಾರೆ. ಪ್ಯಾನೆಲ್ ಹಗಲು ಎಲ್ಲಿರುತ್ತದೆ, ಬ್ಯಾಟರಿ ಎಷ್ಟು ಬಿಸಿಯಾಗುತ್ತದೆ ಎಂಬುದನ್ನು ಕೊನೆಗೆ ನೋಡುತ್ತಾರೆ. ಕೆಲಸ ಕೆಡುವುದು ಹೆಚ್ಚಾಗಿ ಈ ಎರಡರಲ್ಲೇ.

ಮೊದಲು ಖರ್ಚಿನ ಲೆಕ್ಕ. ಮುಂದಿನ ದೀಪಕ್ಕೆ 1 ವ್ಯಾಟಿನ ಬಿಳಿ ಎಲ್‌ಇಡಿ, ಅದಕ್ಕೆ ಎಎಂಸಿ7135 ಎಂಬ ಪುಟ್ಟ ಚಿಪ್. ಈ ಚಿಪ್ ಎಲ್‌ಇಡಿಗೆ ಸದಾ 350 ಮಿಲಿಆಂಪ್ ಹರಿಸುತ್ತದೆ. ಬ್ಯಾಟರಿ ಸುಮಾರು 3.4 ವೋಲ್ಟಿಗಿಂತ ಕೆಳಗಿಳಿದಾಗ ಬೆಳಕು ತಾನಾಗಿಯೇ ಮಂಕಾಗುತ್ತದೆ, ಸವಾರನಿಗೆ ಅದೇ ಎಚ್ಚರಿಕೆ. ಹಿಂದಿನ ದೀಪಕ್ಕೆ ಒಂದು ಕೆಂಪು ಎಲ್‌ಇಡಿ, ಅದರೊಂದಿಗೆ 100 ಓಮ್ ರೆಸಿಸ್ಟರ್ ಸಾಕು; ಎಳೆಯುವುದು 20 ಮಿಲಿಆಂಪ್ ಆಸುಪಾಸು. ಕೆಂಪು ಎಲ್‌ಇಡಿಗೆ 2 ವೋಲ್ಟ್ ಇದ್ದರೂ ನಡೆಯುವುದರಿಂದ ಮುಂದಿನದು ಮಂಕಾದ ಮೇಲೂ ಹಿಂದಿನದು ಉರಿಯುತ್ತಿರುತ್ತದೆ. ರಸ್ತೆಯಲ್ಲಿ ಜೀವ ಉಳಿಸುವುದು ಅದೇ. ಎರಡೂ ಸೇರಿ ಗಂಟೆಗೆ ಹೆಚ್ಚುಕಡಿಮೆ 370 ಮಿಲಿಆಂಪ್-ಗಂಟೆ ಖರ್ಚು. 2600 ಮಿಲಿಆಂಪ್-ಗಂಟೆಯ ಒಂದು 18650 (18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ) ಲಿಥಿಯಂ ಸೆಲ್ ಆರು ಗಂಟೆಗೂ ಮಿಕ್ಕಿ ಬರುತ್ತದೆ. ಸೆಲ್ ಕೊಳ್ಳುವಾಗ ಒಂದು ಮಾತು: 9900 ಎಂದು ಮೇಲೆ ಅಚ್ಚಾಗಿದ್ದರೆ ಅದು ಶುದ್ಧ ಸುಳ್ಳು. ಈ ಅಳತೆಯ ಒಳ್ಳೆಯ ಸೆಲ್ಲುಗಳ ಸಾಮರ್ಥ್ಯ ಸಾಮಾನ್ಯವಾಗಿ 3500ರ ಆಸುಪಾಸಿಗೇ ನಿಲ್ಲುತ್ತದೆ. ತೂಕ ಸುಮಾರು 45 ಗ್ರಾಂ ಇರಬೇಕು. ತೀರಾ ಹಗುರಾಗಿದ್ದರೆ ಬೇಡ.

ಇನ್ನು ಆದಾಯ. 6 ವೋಲ್ಟಿನ 2 ವ್ಯಾಟ್ ಪ್ಯಾನೆಲ್ ನೆತ್ತಿಯ ಬಿಸಿಲಿನಲ್ಲಿ 330 ಮಿಲಿಆಂಪ್ ಕೊಡುತ್ತದೆ. ದಿನದ ಬಿಸಿಲನ್ನೆಲ್ಲ ಒಟ್ಟುಗೂಡಿಸಿದರೆ ಐದು ಗಂಟೆಯ ಪೂರ್ಣ ಬಿಸಿಲಿಗೆ ಸಮ ಎಂದುಕೊಳ್ಳೋಣ, ಕಾಗದದ ಮೇಲೆ 1650 ಮಿಲಿಆಂಪ್-ಗಂಟೆ. ಧೂಳು, ಓರೆ ಬಿಸಿಲು, ಆಗಾಗ ಬೀಳುವ ನೆರಳು ಎಂದು ಅರ್ಧ ಕಳೆದರೆ 800. ಒಂದು ಹಗಲಿನ ಬಿಸಿಲು ಎರಡು ರಾತ್ರಿಯ ಒಂದೊಂದು ಗಂಟೆಗೆ ಸಾಲುತ್ತದೆ. 1 ವ್ಯಾಟಿನ ಪ್ಯಾನೆಲ್ಲಿನಲ್ಲಿ ಈ ಬಿಡುವು ಇಲ್ಲ, ಒಂದು ದಿನ ಮೋಡವಾದರೂ ಸಾಲ ಶುರು. 2 ವ್ಯಾಟಿನದು ಸುಮಾರು 13 ಸೆಂ.ಮೀ. ಉದ್ದ, 11 ಸೆಂ.ಮೀ. ಅಗಲ, ಕ್ಯಾರಿಯರ್ ಮೇಲೆ ಕೂರುತ್ತದೆ.

5 ವೋಲ್ಟಿನ ಪ್ಯಾನೆಲ್ ಯಾಕೆ ಬೇಡ? ಪ್ಯಾನೆಲ್ ಮೇಲೆ ಬರೆದ ಅಂಕಿಗಳೆಲ್ಲ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಹೇಳಿದವು. ಬಿಸಿಲಿನಲ್ಲಿ ಅದರ ಮೈ 55–60 ಡಿಗ್ರಿಗೆ ಏರುತ್ತದೆ, ಪ್ರತಿ ಡಿಗ್ರಿಗೆ ವೋಲ್ಟೇಜ್ ಶೇ. 0.3ರಿಂದ 0.4ರಷ್ಟು ಇಳಿಯುತ್ತದೆ. 5 ವೋಲ್ಟಿನದು 4.4ರ ಹತ್ತಿರ ಬಂದು ನಿಲ್ಲುತ್ತದೆ. ಲಿಥಿಯಂ ಸೆಲ್ ತುಂಬಲು 4.2 ವೋಲ್ಟ್ ಬೇಕು, ಜೊತೆಗೆ ಚಾರ್ಜರಿನ ಪಾಲು ಬೇರೆ. ಹೀಗಾಗಿ ಮಧ್ಯಾಹ್ನದ ಉರಿಬಿಸಿಲಿನಲ್ಲೇ ಚಾರ್ಜ್ ಕುಂಟುತ್ತದೆ.

ನೆರಳಿನ ಪರಿಣಾಮವನ್ನು ಕಣ್ಣಾರೆ ನೋಡಬೇಕಾದರೆ ಪ್ಯಾನೆಲ್ಲನ್ನು ಬಿಸಿಲಿಗಿಟ್ಟು, ಮಲ್ಟಿಮೀಟರನ್ನು 10 ಆಂಪ್ ಗೆರೆಗೆ ಹಾಕಿ, ಎರಡೂ ಮುಳ್ಳುಗಳನ್ನು ನೇರ ಪ್ಯಾನೆಲ್ಲಿನ ತಂತಿಗಳಿಗೆ ಮುಟ್ಟಿಸಿ. ಪ್ಯಾನೆಲ್ಲಿಗೆ ಇದರಿಂದ ಏನೂ ಆಗದು. (ಬ್ಯಾಟರಿಗೆ ಮಾತ್ರ ಹೀಗೆ ಎಂದೂ ಮಾಡಬೇಡಿ.) ಮೀಟರು 0.33 ಆಂಪ್ ಆಸುಪಾಸು ತೋರಿಸುತ್ತದೆ. ಈಗ ಪ್ಯಾನೆಲ್ಲಿನ ಒಂದೇ ಒಂದು ಪಟ್ಟಿಯನ್ನು ಅಂಗೈಯಿಂದ ಪೂರ್ತಿ ಮುಚ್ಚಿ. ಅಂಕಿ ಹನ್ನೆರಡನೇ ಒಂದು ಭಾಗವಷ್ಟೇ ಇಳಿಯುವುದಿಲ್ಲ, ಧೊಪ್ಪನೆ ಬಿದ್ದುಹೋಗುತ್ತದೆ. ಹನ್ನೆರಡು ಪಟ್ಟಿಗಳು ಸಾಲಾಗಿ ಒಂದರ ಬಾಲಕ್ಕೆ ಒಂದು ಜೋಡಿಸಿರುವುದರಿಂದ, ಕತ್ತಲಲ್ಲಿರುವ ಪಟ್ಟಿ ಎಷ್ಟು ಬಿಟ್ಟರೆ ಅಷ್ಟೇ ಉಳಿದವುಗಳಿಂದಲೂ ಬರುತ್ತದೆ. ಸೀಟಿನ ನೆರಳು, ಸವಾರನ ಬೆನ್ನಿನ ನೆರಳು, ಕ್ಯಾರಿಯರಿನ ಕ್ಲಿಪ್ಪಿನ ನೆರಳು, ಎಲ್ಲವೂ ಇದೇ ರೀತಿ ಕಾಡುತ್ತವೆ. ಓಡುವಾಗ ಚಾರ್ಜ್ ಆಗುತ್ತದೆ ಎಂಬ ಲೆಕ್ಕವನ್ನು ಆದ್ದರಿಂದ ಪೂರ್ತಿ ಕೈಬಿಡುವುದು ಒಳ್ಳೆಯದು. ಪ್ಯಾನೆಲ್ಲನ್ನು ಬಿಚ್ಚಿ ತೆಗೆಯುವಂತೆ ಕೂರಿಸಿ, ಎರಡು ಮೀಟರ್ ತಂತಿ ಕೊಡಿ. ಸೈಕಲ್ ನೆರಳಲ್ಲಿರಲಿ, ಪ್ಯಾನೆಲ್ ಬಿಸಿಲಲ್ಲಿರಲಿ.

ಚಾರ್ಜಿಂಗಿಗೆ ಟಿಪಿ4056 ಮಾಡ್ಯೂಲ್ ಅಗ್ಗ, ಎಲ್ಲ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲೂ ಸಿಗುತ್ತದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕೇಳಿದರೆ ರಾಶಿ ಹಾಕುತ್ತಾರೆ. ಸೆಲ್ ತೀರಾ ಖಾಲಿಯಾಗದಂತೆ ಕಾಯುವ ರಕ್ಷಣೆಯ ಚಿಪ್ ಇರುವುದನ್ನೇ ತನ್ನಿ. ಅದರಲ್ಲಿ ಬ್ಯಾಟರಿಗೆ ಎರಡು, ದೀಪಕ್ಕೆ ಎರಡು ಪ್ರತ್ಯೇಕ ತುದಿಗಳಿರುತ್ತವೆ. ಆದರೆ ಅದು ಕಾರ್ಖಾನೆಯಿಂದ ಬರುವಾಗ 1 ಆಂಪ್ ಎಳೆಯುವಂತೆ ಹೊಂದಿಸಿರುತ್ತದೆ. 330 ಮಿಲಿಆಂಪ್ ಕೊಡುವ ಪ್ಯಾನೆಲ್ಲಿನಿಂದ 1 ಆಂಪ್ ಎಳೆಯಹೋದರೆ ಪ್ಯಾನೆಲ್ಲಿನ ವೋಲ್ಟೇಜ್ ಬ್ಯಾಟರಿಯ ಮಟ್ಟಕ್ಕೆ ಕುಸಿಯುತ್ತದೆ, ಟಿಪಿ4056 ಚಿಪ್ ಕೆಲಸ ನಿಲ್ಲಿಸುತ್ತದೆ, ಭಾರ ಇಳಿದು ವೋಲ್ಟೇಜ್ ಮತ್ತೆ ಏರುತ್ತದೆ, ಚಿಪ್ ಮತ್ತೆ ಶುರು. ಮಾಡ್ಯೂಲಿನ ಕೆಂಪು ದೀಪ ಮಿಣುಕುತ್ತಿದ್ದರೆ ಬಹುಮಟ್ಟಿಗೆ ಇದೇ ಕಾರಣ. ಚಿಪ್ಪಿನ ಎರಡನೇ ಕಾಲಿಗೆ ಸೇರಿದ, 122 ಎಂದು ಬರೆದ ಸಣ್ಣ ರೆಸಿಸ್ಟರನ್ನು ಕಿತ್ತು ಅಲ್ಲಿ 4 ಕಿಲೋಓಮ್ ಹಾಕಿದರೆ ಎಳೆತ 300 ಮಿಲಿಆಂಪಿಗೆ ಇಳಿಯುತ್ತದೆ. 4 ಸಿಗದಿದ್ದರೆ 3.9. ಒಳಬರುವ ತುದಿಗಳಿಗೆ ಅಡ್ಡಲಾಗಿ 16 ವೋಲ್ಟಿನ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಮಿಣುಕಾಟ ಇನ್ನೂ ತಗ್ಗುತ್ತದೆ. ಬ್ಯಾಟರಿಯನ್ನು ತಿರುಗುಮುರುಗು ಜೋಡಿಸಿದರೆ ಮಾಡ್ಯೂಲ್ ಸುಟ್ಟುಹೋಗುತ್ತದೆ. ಒಳಬರುವ ವೋಲ್ಟೇಜ್ 8 ದಾಟಬಾರದು. 6 ವೋಲ್ಟಿನ ಪ್ಯಾನೆಲ್ ಭಾರವಿಲ್ಲದಾಗ 7ರ ಆಸುಪಾಸು ಇರುತ್ತದೆ, ಆದರೂ ಜೋಡಿಸುವ ಮುನ್ನ ಅಳೆಯಿರಿ. 9 ಅಥವಾ 12 ವೋಲ್ಟಿನದು ಬೇಡವೇ ಬೇಡ.

ಈ ಬಗೆಯ ಚಾರ್ಜರ್ ಹೆಚ್ಚುವರಿ ವೋಲ್ಟೇಜನ್ನು ಶಾಖವಾಗಿ ಕಳೆಯುತ್ತದೆ, ಪ್ಯಾನೆಲ್ಲಿನ ಮೂರನೇ ಒಂದು ಭಾಗ ವ್ಯರ್ಥ. ಇದನ್ನು ಉಳಿಸುವ, ಪ್ಯಾನೆಲ್ಲಿನಿಂದ ಸಾಧ್ಯವಾದಷ್ಟು ಹೆಚ್ಚು ಶಕ್ತಿ ಪಡೆಯುವ ಎಂಪಿಪಿಟಿ ಮಾಡ್ಯೂಲುಗಳು ಸಿಎನ್3791 ಚಿಪ್ಪಿನೊಂದಿಗೆ ಬರುತ್ತವೆ. 5 ವ್ಯಾಟಿಗೆ ಏರಿದಾಗ ಅವುಗಳಿಗೆ ಅರ್ಥವಿದೆ. 2 ವ್ಯಾಟಿಗೆ ಬೇಕಿಲ್ಲ.

ಶಾಖದ ವಿಷಯದಲ್ಲಿ ಮಾತ್ರ ಉದಾಸೀನ ಸಲ್ಲದು. ಲಿಥಿಯಂ ಅಯಾನ್ ಸೆಲ್ಲನ್ನು 45 ಡಿಗ್ರಿಗಿಂತ ಬಿಸಿಯಿದ್ದಾಗ ಚಾರ್ಜ್ ಮಾಡಬಾರದು. ಟಿಪಿ4056 ಚಿಪ್ಪಿಗೆ ಸೆಲ್ಲಿನ ಬಿಸಿ ಅರಿಯುವ ಕಾಲೊಂದಿದೆ, ಆದರೆ ಅಗ್ಗದ ಮಾಡ್ಯೂಲುಗಳಲ್ಲಿ ಅದನ್ನು ಗ್ರೌಂಡಿಗೆ, ಅಂದರೆ ಮೈನಸ್ ತುದಿಗೆ, ಜೋಡಿಸಿ ಸುಮ್ಮನಾಗಿಸಿರುತ್ತಾರೆ. ಅಂದರೆ ಸೆಲ್ ಕುದಿಯುತ್ತಿದ್ದರೂ ಚಾರ್ಜ್ ನಡೆದೇ ಇರುತ್ತದೆ. ರಾಯಚೂರು, ಕಲಬುರಗಿಯ ಬೇಸಗೆಯಲ್ಲಿ ಗಾಳಿಯೇ 40 ಡಿಗ್ರಿ ದಾಟುವಾಗ, ಪ್ಯಾನೆಲ್ಲಿನ ಬೆನ್ನಿಗೆ ಅಂಟಿಸಿದ ಕಪ್ಪು ಡಬ್ಬಿಯೊಳಗಿನ ಸೆಲ್ಲಿನ ಗತಿಯನ್ನು ಊಹಿಸಿ. ಬ್ಯಾಟರಿ ಮತ್ತು ಚಾರ್ಜರ್ ಇರುವ ಡಬ್ಬಿಯನ್ನು ಸೀಟಿನ ಕೆಳಗೆ, ಬಿಳಿ ಅಥವಾ ತಿಳಿ ಬಣ್ಣದಲ್ಲಿ, ಪ್ಯಾನೆಲ್ಲಿನಿಂದ ದೂರ ಇಡಿ. ಮುಟ್ಟಿದರೆ ಕೈ ಚುರುಕ್ಕೆನ್ನುವಷ್ಟು ಬಿಸಿಯಿದ್ದರೆ ಚಾರ್ಜ್ ನಿಲ್ಲಿಸಿ. ಸೆಲ್ ಉಬ್ಬಿದ್ದರೆ, ಸೋರಿದ್ದರೆ ಮತ್ತೆ ಬಳಸಲೇಬೇಡಿ.

ಲಿಥಿಯಂ ಬೇಡ ಎನ್ನುವವರಿಗೆ ಇನ್ನೂ ಸರಳ ದಾರಿಯಿದೆ: 2000 ಮಿಲಿಆಂಪ್-ಗಂಟೆಯ ಮೂರು ನಿಕಲ್ ಮೆಟಲ್ ಹೈಡ್ರೈಡ್ ಎಎ ಸೆಲ್, 6 ವೋಲ್ಟಿನ 1 ವ್ಯಾಟ್ ಪ್ಯಾನೆಲ್, ನಡುವೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಒಂದು 1ಎನ್5819 ಡಯೋಡ್. ಈ ಪ್ಯಾನೆಲ್ ಕೊಡುವ 160 ಮಿಲಿಆಂಪ್ ಎಂದರೆ ಸೆಲ್ಲಿನ ಸಾಮರ್ಥ್ಯದ ಹತ್ತನೇ ಒಂದಕ್ಕಿಂತ ಕಡಿಮೆ, ಸೆಲ್ ತಾಳಿಕೊಳ್ಳುತ್ತದೆ, ಚಾರ್ಜರ್ ಬೇಕಿಲ್ಲ. ಡಯೋಡ್ ಮರೆತರೆ ರಾತ್ರಿ ಬ್ಯಾಟರಿ ಪ್ಯಾನೆಲ್ಲಿನ ಮೂಲಕ ಸೋರುತ್ತದೆ. ಮೂರು ಸೆಲ್ ಸೇರಿ 3.6 ವೋಲ್ಟ್ ಮಾತ್ರ, ಹಾಗಾಗಿ ಮುಂದಿನ ದೀಪ ಬೇಗ ಮಂಕಾಗುತ್ತದೆ ಎಂಬುದು ಇದರ ಕೊರತೆ.

ಹಳೆಯ ಡೈನಮೋ ದೀಪಗಳಲ್ಲಿ ಸೈಕಲ್ಲಿನ ಫ್ರೇಮೇ ಮರಳುವ ತಂತಿಯಾಗಿತ್ತು. ಇಲ್ಲಿ ಹಾಗೆ ಮಾಡದೆ 0.5 ಚದರ ಮಿ.ಮೀ.ನ ಎರಡು ತಂತಿ ಎಳೆಯಿರಿ, ಸೆಲ್ಲಿನ ಪ್ಲಸ್ ತುದಿಯ ಪಕ್ಕದಲ್ಲೇ 1 ಆಂಪ್ ಫ್ಯೂಸ್ ಹಾಕಿ. ಹ್ಯಾಂಡಲ್ ತಿರುಗುವ ಜಾಗದಲ್ಲಿ ತಂತಿಗೆ ಸಡಿಲ ಸುತ್ತು ಬಿಡದಿದ್ದರೆ ಅದು ಒಳಗೊಳಗೇ ತುಂಡಾಗುತ್ತದೆ, ಮೇಲಿನ ಪ್ಲಾಸ್ಟಿಕ್ ನೆಟ್ಟಗೇ ಇರುತ್ತದೆ. ಪ್ಯಾನೆಲ್ಲಿನ ಬೆನ್ನಿನ ಸೋಲ್ಡರ್ ಚುಕ್ಕೆಗಳ ಮೇಲೆ ಬಿಸಿ ಅಂಟಿನ ಬದಲು ಸಿಲಿಕೋನ್ ಸೀಲೆಂಟ್ ಹಾಕಿ. ಬಿಸಿ ಅಂಟು ಬಿಸಿಲಿಗೆ ಮೆತ್ತಗಾಗಿ ಕಳಚುತ್ತದೆ. ಕ್ಯಾರಿಯರ್ ಮತ್ತು ಪ್ಯಾನೆಲ್ ನಡುವೆ ಹಳೆಯ ಟ್ಯೂಬಿನ ತುಂಡು ಹಾಸಿದರೆ ಅಲುಗಾಟಕ್ಕೆ ಪಟ್ಟಿಗಳು ಬಿರುಕು ಬಿಡುವುದು ಕಡಿಮೆ.

ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಪ್ಯಾನೆಲ್ ನಂಬಿ ಕೂರುವಂತಿಲ್ಲ. ದಟ್ಟ ಮೋಡದಡಿ ಬರುವುದು ಪೂರ್ಣ ಬಿಸಿಲಿನ ಹತ್ತನೇ ಒಂದೋ ಐದನೇ ಒಂದೋ ಪಾಲು. ಆಗ ಮಾಡ್ಯೂಲಿನ ಯುಎಸ್‌ಬಿ ಕಿಂಡಿಗೆ ಮೊಬೈಲ್ ಚಾರ್ಜರ್ ಚುಚ್ಚಬಹುದು. 300 ಮಿಲಿಆಂಪಿಗೆ ಇಳಿಸಿರುವುದರಿಂದ ಖಾಲಿ ಸೆಲ್ ತುಂಬಲು ಹತ್ತು ಗಂಟೆಯಾದರೂ ಹಿಡಿಯುತ್ತದೆ. ಯುಎಸ್‌ಬಿ ಮತ್ತು ಪ್ಯಾನೆಲ್ ಎರಡೂ ಒಂದೇ ಒಳದಾರಿಗೆ ಸೇರುವುದರಿಂದ, ಚಾರ್ಜರ್ ಚುಚ್ಚುವ ಮುನ್ನ ಪ್ಯಾನೆಲ್ಲಿನ ಕನೆಕ್ಟರ್ ಕಳಚಿಡಿ. ಇಲ್ಲದಿದ್ದರೆ ಬಿಸಿಲು ಬಂದಾಗ ಪ್ಯಾನೆಲ್ಲಿನ 7 ವೋಲ್ಟ್ ಆ 5 ವೋಲ್ಟಿನ ಚಾರ್ಜರಿನೊಳಕ್ಕೆ ಹಿಮ್ಮುಖವಾಗಿ ನುಗ್ಗುತ್ತದೆ.