ನೆಲ ಮುಟ್ಟುವ ಹೊತ್ತಿಗೆ ವಿಮಾನ ಮತ್ತೆ ಮೇಲೇರಿದ್ದೇಕೆ?

ಸಂಡೂರಿನ ಓದುಗರೊಬ್ಬರ ಪ್ರಶ್ನೆ: "ಅಪ್ಪನನ್ನು ಕರೆದುಕೊಂಡು ಹೈದರಾಬಾದಿನಿಂದ ವಿದ್ಯಾನಗರಕ್ಕೆ ವಿಮಾನದಲ್ಲಿ ಬರ್ತಿದ್ದೆ. ತೋರಣಗಲ್ಲಿನ ಕಾರ್ಖಾನೆ ಚಿಮಣಿ ಕಾಣ್ತಿತ್ತು. ಇನ್ನೇನು ಇಳೀತು ಅನ್ನುವಾಗ ಜೋರು ಸದ್ದು ಮಾಡಿ ಮೇಲೇರಿತು. ಚಕ್ರದ ದೀಪ ಸರಿಯಾಗಿ ತೋರಿಸ್ತಿಲ್ಲ ಅಂದರು. ಇಪ್ಪತ್ತು ನಿಮಿಷ ಸುತ್ತಿ ಇಳಿಸಿದರು. ಅಪ್ಪ ಈಗ ವಿಮಾನವೇ ಬೇಡ ಅಂತಾರೆ. ತೊಂದರೆ ಇದ್ದರೆ ಬೇಗ ಇಳಿಸಬೇಕಲ್ವಾ?"

ನಿಮ್ಮ ಅಪ್ಪನ ಭಯ ಸಹಜ. ಆದರೆ ಆ ಪೈಲಟ್ ಮಾಡಿದ್ದು ಸರಿ.

ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿ ಕೆಟ್ಟರೆ ಡ್ರೈವರ್ ಏನು ಮಾಡುತ್ತಾನೆ? ಪಕ್ಕಕ್ಕೆ ಹಾಕಿ, ಟೈರಿಗೆ ಕಲ್ಲು ಕೊಟ್ಟು, ಆಮೇಲೆ ಬಾನೆಟ್ ಎತ್ತುತ್ತಾನೆ. ವಿಮಾನವನ್ನು ಹಾಗೆ ನಿಲ್ಲಿಸಲು ಬರುವುದಿಲ್ಲ. ಅದಕ್ಕೆ ಎತ್ತರವೇ ರಸ್ತೆ ಪಕ್ಕದ ಜಾಗ. ನೆಲ 500 ಅಡಿ ದೂರದಲ್ಲಿದ್ದಾಗ ಪೈಲಟ್ ಕೈಯಲ್ಲಿ ಒಂದು ನಿಮಿಷವೂ ಇರುವುದಿಲ್ಲ. ಮೇಲೇರಿದರೆ ಯೋಚಿಸಲು ಸಮಯ ಸಿಗುತ್ತದೆ. ಇದಕ್ಕೆ ಗೋ-ಅರೌಂಡ್ ಅನ್ನುತ್ತಾರೆ. ಎಲ್ಲ ಪೈಲಟ್‌ಗಳೂ ಇದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿರುತ್ತಾರೆ.

ಪೈಲಟ್‌ಗಳು ಕೂರುವ ಕಾಕ್‌ಪಿಟ್‌ನಲ್ಲಿ ಚಕ್ರಗಳಿಗೆಂದೇ ಮೂರು ಹಸಿರು ದೀಪ ಇರುತ್ತವೆ. ಮುಂದಿನ ಚಕ್ರಕ್ಕೆ ಒಂದು, ಎಡಬಲಕ್ಕೆ ಒಂದೊಂದು. ಮೂರೂ ಹತ್ತಿದರೆ ಚಕ್ರ ಇಳಿದು ಲಾಕ್ ಆಗಿದೆ ಎಂದರ್ಥ. ಒಂದು ಹತ್ತದಿದ್ದರೆ ಚಕ್ರವೇ ಕೂತಿಲ್ಲದಿರಬಹುದು, ಸುಮ್ನೆ ದೀಪವೇ ಕೆಟ್ಟಿರಬಹುದು. ಮೇಲೆ ಹೋದ ಮೇಲೆ ಒಬ್ಬ ಪೈಲಟ್ ವಿಮಾನ ಹಾರಿಸುತ್ತಾನೆ, ಅಷ್ಟೇ ಅವನ ಕೆಲಸ. ಇನ್ನೊಬ್ಬ ಚೆಕ್‌ಲಿಸ್ಟ್ ಪುಸ್ತಕ ತೆಗೆದು ಒಂದೊಂದೇ ಸಾಲು ಓದಿ ಮಾಡುತ್ತಾ ಹೋಗುತ್ತಾನೆ. ಚಕ್ರ ಇಳಿಸುವ ಹೈಡ್ರಾಲಿಕ್, ಅಂದರೆ ಎಣ್ಣೆಯ ಒತ್ತಡದ ವ್ಯವಸ್ಥೆ, ಕೈಕೊಟ್ಟರೂ ದಾರಿ ಇದೆ. ಚಕ್ರವನ್ನು ಮೇಲೆ ಹಿಡಿದಿಟ್ಟ ಲಾಕ್ ಬಿಡಿಸಿದರೆ ಅದು ತನ್ನ ಭಾರಕ್ಕೇ ಕೆಳಗೆ ಬೀಳುತ್ತದೆ.

ಹೀಗೆ ಕೆಲಸ ಹಂಚಿಕೊಳ್ಳುವ ಪಾಠಕ್ಕೆ ಜೀವಗಳ ಬೆಲೆ ತೆತ್ತಿದ್ದಾರೆ. 1972ರ ಡಿಸೆಂಬರ್ 29ರ ರಾತ್ರಿ ಈಸ್ಟರ್ನ್ ಏರ್‌ಲೈನ್ಸ್‌ನ ವಿಮಾನವೊಂದು ಅಮೆರಿಕದ ಮಯಾಮಿಯಲ್ಲಿ ಇಳಿಯಲು ಬಂತು. ಮುಂದಿನ ಚಕ್ರದ ದೀಪ ಹತ್ತಲಿಲ್ಲ. 2,000 ಅಡಿಗೆ ಏರಿ, ವಿಮಾನವನ್ನು ತಾನೇ ಹಾರಿಸುವ ಆಟೋಪೈಲಟ್ ಯಂತ್ರ ಹಾಕಿದರು. ಆಮೇಲೆ ಕಾಕ್‌ಪಿಟ್‌ನಲ್ಲಿದ್ದ ಎಲ್ಲರ ಗಮನವೂ ಆ ಪುಟ್ಟ ದೀಪದ ಮೇಲೆ. ಅದನ್ನು ಬಿಚ್ಚಿ ಹಾಕುವಾಗ ಸಿಕ್ಕಿಕೊಂಡಿತು, ಅದರ ಜೊತೆ ಗುದ್ದಾಡಿದರು. ಈ ನಡುವೆ ಆಟೋಪೈಲಟ್ ಎತ್ತರ ಹಿಡಿಯುವುದನ್ನು ಬಿಟ್ಟಿತ್ತು. ವಿಮಾನ ಮೆಲ್ಲಗೆ ಇಳಿಯುತ್ತಿತ್ತು. ಎಚ್ಚರಿಕೆಯ ಗಂಟೆಯೂ ಬಾರಿಸಿತು, ಯಾರೂ ಗಮನಿಸಲಿಲ್ಲ. ಜೌಗು ನೆಲಕ್ಕೆ ಬಿದ್ದು 101 ಜನ ಸತ್ತರು. ಚಕ್ರ ಸರಿಯಾಗಿಯೇ ಇಳಿದಿತ್ತು. ಕೆಟ್ಟಿದ್ದು ಬಲ್ಬ್ ಮಾತ್ರ. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

1978ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಹತ್ತಿರ ಇನ್ನೊಂದು ವಿಮಾನ ಚಕ್ರದ ತೊಂದರೆ ನೋಡುತ್ತಾ ಸುತ್ತಿ ಸುತ್ತಿ ಇಂಧನವೇ ಮುಗಿದು ಬಿತ್ತು. 10 ಜನ ಹೋದರು. ಇಂಥವುಗಳಿಂದಲೇ ಹೊಸ ತರಬೇತಿ ಬಂತು. ಕಿರಿಯ ಪೈಲಟ್ ಕೂಡ "ಸರ್, ಇಂಧನ ಕಡಿಮೆ ಆಗ್ತಿದೆ" ಅಂತ ಗಟ್ಟಿಯಾಗಿ ಹೇಳಲೇಬೇಕು. ಬೇರೆ ನಿಲ್ದಾಣಕ್ಕೆ ಹೋಗುವಷ್ಟು ಇಂಧನ, ಅದರ ಮೇಲೆ 30 ನಿಮಿಷದಷ್ಟು ಮೀಸಲು ಇಟ್ಟುಕೊಂಡೇ ಜೆಟ್ ವಿಮಾನ ಹೊರಡುತ್ತದೆ.

2024ರ ಅಕ್ಟೋಬರ್‌ನಲ್ಲಿ ತಿರುಚಿರಾಪಳ್ಳಿ ಮೇಲೆ ಒಂದು ವಿಮಾನ ಎರಡು ಗಂಟೆಗೂ ಜಾಸ್ತಿ ಸುತ್ತಿದ್ದನ್ನು ನೀವೂ ಟಿವಿಯಲ್ಲಿ ನೋಡಿರಬಹುದು. ಹೈಡ್ರಾಲಿಕ್ ತೊಂದರೆ. ಇಂಧನ ಸುಟ್ಟು ಭಾರ ಇಳಿಸಿಕೊಂಡು ಸುರಕ್ಷಿತವಾಗಿ ಇಳಿಯಿತು. ನಿಧಾನವಾಗಿ ಇಳಿಯಲು ರೆಕ್ಕೆಯಿಂದ ಚಾಚುವ ಪಟ್ಟಿಗೆ ಫ್ಲಾಪ್ ಅನ್ನುತ್ತಾರೆ; ಅದು ಕೈಕೊಟ್ಟರೆ ಹೆಚ್ಚು ವೇಗದಲ್ಲೇ ನೆಲ ಮುಟ್ಟಬೇಕು, ಉದ್ದದ ರನ್‌ವೇ ಬೇಕು. ಆಗ ನಮ್ಮ ಕಡೆ ಬರುವ ವಿಮಾನವನ್ನು 4,000 ಮೀಟರ್ ರನ್‌ವೇ ಇರುವ ಬೆಂಗಳೂರಿಗೂ ಒಯ್ಯಬಹುದು.

ನೀವು ಹೇಳುವ ಹಾಗೆ ಬೇಗ ಇಳಿಸಲೇಬೇಕಾದ ಸಂದರ್ಭವೂ ಇದೆ. ಒಳಗೆ ಬೆಂಕಿ, ಹೊಗೆ ಕಂಡರೆ ಸುತ್ತುವ ಮಾತೇ ಇಲ್ಲ.

ಮುಂದಿನ ಸಲ ಎಟಿಆರ್ 72 ಎಂಬ ಪಂಖದ ಸಣ್ಣ ವಿಮಾನ ಸಿಕ್ಕರೆ ಅಪ್ಪನನ್ನು ರೆಕ್ಕೆ ಹತ್ತಿರದ ಕಿಟಕಿ ಪಕ್ಕ ಕೂರಿಸಿ. ಅದರ ರೆಕ್ಕೆ ಮೇಲಿರುತ್ತದೆ, ಚಕ್ರ ಹೊಟ್ಟೆಯ ಬದಿಯಿಂದ ಇಳಿಯುತ್ತದೆ. ಅದು ಕೆಳಗೆ ಬಂದು ನಿಲ್ಲುವುದನ್ನು ಅವರೇ ಕಣ್ಣಾರೆ ನೋಡಲಿ.